ದನಿ ನಿಲ್ಲಿಸುವ ಗುಂಡಿ

ಇವತ್ತು ಆಫೀಸಿನ ಹೊಸ ಕೀಬೋರ್ಡಿನ ಮೇಲೆ ಅಡ್ಡಗೀಟು ಎಳೆದ ಸ್ಪೀಕರಿನ ಚಿತ್ರ ಕಂಡಾಗ, ಸುರಪುರದ ನಮ್ಮ ಮನೆಯ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು.

ಅಕ್ಕನಿಗೆ ಶಿರವಾಳದ ಗಂಡನ್ನು ಗೊತ್ತು ಮಾಡಿದ್ದರು. ತಾನು ಒಳಗೆ ಕಾಲಿಟ್ಟ ಕೂಡಲೇ ಅವಳ ಕಂಪ್ಯೂಟರಿನ ದನಿ ತಟ್ಟನೆ ನಿಲ್ಲುವುದನ್ನು ಅಪ್ಪ ಗಮನಿಸಿದ್ದ. ಅಂದು ಚಪ್ಪಲಿ ಹೊರಗೇ ಬಿಟ್ಟು, ಸದ್ದಿಲ್ಲದೆ ಬಂದು ಅವಳ ಬೆನ್ನ ಹಿಂದೆ ನಿಂತ. ನಾನು ಪಕ್ಕದಲ್ಲೇ ಶೇಂಗಾ ಸುಲಿಯುತ್ತಿದ್ದೆ. ಪರದೆಯ ಮೇಲೆ ಅಪ್ಪನ ನೆರಳು ಬಿದ್ದದ್ದೇ ಅಕ್ಕನ ಬೆರಳು ಕೀಬೋರ್ಡಿನ ಮೂಲೆಯ ಗುಂಡಿಗೆ ಹೋಯಿತು. ದನಿ ನಿಂತಿತು.

“ಯಾರ ಕೂಡ ಮಾತಾಡಾಕತ್ತಿದ್ದಿ?” ಅಪ್ಪ ಕೇಳಿದ.

“ಯಾರ ಕೂಡನೂ ಇಲ್ಲರಿ.”

“ಮತ್ತ ಆ ಗುಂಡ್ಯಾಗ ಏನ ಮುಚ್ಚಿಟ್ಟೀದಿ?”

“ಗುಂಡ್ಯಾಗ ಏನೂ ಇರಂಗಿಲ್ಲರಿ. ಒತ್ತಿದ್ರ ಅದು ಕಂಪ್ಯೂಟರಿಗೆ ಒಂದು ಸಂಕೇತ ಕಳಸತೈತಿ, ಅಷ್ಟ. ದನಿ ನಿಲ್ಲಸೋದು ಕಂಪ್ಯೂಟರು. ಇನ್ನೊಮ್ಮೆ ಒತ್ತಿದ್ರ ದನಿ ತಿರುಗಿ ಬಿಡತೈತಿ.”

ಅಪ್ಪ ನಂಬಲಿಲ್ಲ. ಕೀಬೋರ್ಡನ್ನು ಎತ್ತಿ ತಿರುವಿ ನೋಡಿ, ಒರಟು ಹೆಬ್ಬೆರಳಿನಿಂದ ತಾನೇ ಒತ್ತಿದ. ಕಂಪ್ಯೂಟರಿನಲ್ಲಿ ಹೆಂಗಸೊಬ್ಬಳು ಸುಟ್ಟ ಗಾಯಕ್ಕೆ ಬಟ್ಟೆ ಸುತ್ತುವ ಬಗೆಯನ್ನು ಹೇಳುತ್ತಿದ್ದಳು.

“ನರ್ಸ್ ಪರೀಕ್ಷಾದ ಪಾಠರಿ,” ಅಕ್ಕ ತಲೆ ತಗ್ಗಿಸಿದಳು. “ಓದಿದ್ದು ಸಾಕು ಅಂತ ಬೀಗರು ಅಂದಾರಲ್ಲ. ನೀವೂ ಬ್ಯಾಡ ಅಂತೀರಂತ ಅಂಜಿದೆ.”

ಅಪ್ಪ ನಿಂತಲ್ಲೇ ಪೂರ್ತಿ ಪಾಠ ಕೇಳಿದ. ಮುಂದಿನ ಪಾಠ ಶುರುವಾಗುವಾಗ ಬಾಗಿಲಲ್ಲಿ ಶಿರವಾಳದ ಬೀಗರ ದನಿ ಕೇಳಿತು.

“ಮನ್ಯಾಗ ಅದೀರೇನ್ರಿ?”

“ಬರ್ರಿ, ಬರ್ರಿ,” ಎನ್ನುತ್ತ ಅಪ್ಪ ಅಕ್ಕನಿಗಿಂತ ಮೊದಲೇ ಆ ಗುಂಡಿ ಒತ್ತಿದ.