ಪರದೆ ತೆಗೆದ ದಣಿವಿನ ಕೋಣೆ

ಕಂಪನಿಯವರು ಮೂವರು ಪೈಲಟ್‌ಗಳ ದಣಿವನ್ನು ಒಂದೇ ದಿನ ಲೋಡರ್ ಫಕೀರಪ್ಪನ ಮೈಗೆ ಇಳಿಸಿದರು. ಅವನು ಲಗೇಜು ಗಾಡಿಯ ಪಕ್ಕದಲ್ಲೇ ಬಿದ್ದು ಸತ್ತ.

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಕಂಪನಿಯ ದಣಿವಿನ ಕೋಣೆ ಮರುದಿನವೂ ಎಂದಿನಂತೆ ತೆರೆಯಿತು. ಪೈಲಟ್ ಒಂದು ಕುರ್ಚಿಯಲ್ಲಿ, ಲೋಡರ್ ಇನ್ನೊಂದರಲ್ಲಿ ಕೂತು ಕೈಗೆ ಪಟ್ಟಿ ಕಟ್ಟಿಕೊಳ್ಳಬೇಕು. ದಣಿವು ಪೈಲಟ್‌ನಿಂದ ಲೋಡರಿಗೆ ಹರಿಯುತ್ತದೆ; ಹಗುರಾದ ಪೈಲಟ್ ಮತ್ತೆ ಹಾರುತ್ತಾರೆ. ಇಷ್ಟು ದಿನ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತೆ ನಡುವೆ ಪರದೆಯಿತ್ತು. ಅಂದು ಬೆಳಿಗ್ಗೆ ಕಂಪನಿಯೊಂದಿಗಿನ ಮಾತುಕತೆಯಲ್ಲಿ ಲೋಡರುಗಳ ಯೂನಿಯನ್ ಕಾರ್ಯದರ್ಶಿ ಮಾಬೂಬಿ ಅದೊಂದನ್ನು ತೆಗೆಸಲು ಹಟ ಹಿಡಿದಳು.

"ಪಗಾರ ಬಿಟ್ಟು ಪರದೆ ಕೇಳ್ತೀಯಲ್ಲ, ಹುಚ್ಚಿ!" ಎಂದು ಮ್ಯಾನೇಜರ್ ನಗುತ್ತಲೇ ಒಪ್ಪಿದ್ದ.

ಕ್ಯಾಪ್ಟನ್ ನಿರ್ಮಲಾ ಹೊಸಮನಿ ಪಟ್ಟಿ ಕಟ್ಟಿಕೊಂಡು ತಲೆ ಎತ್ತಿದಳು. ಎದುರಿಗೆ ಮಾಬೂಬಿಯೇ ಕೈ ಚಾಚಿ ಕೂತಿದ್ದಳು.

"ಫಕೀರಪ್ಪನ ಪಾಳಿ ಇವತ್ತ ನಂದವ್ವಾ. ಕೊಡು."

"ಅವರೆಲ್ಲಿ?"

"ನಿನ್ನೆ ನಿಮ್ಮ ಪೈಲಟ್ ಮೂರು ಮಂದೀ ದಣಿವು ಹೊತ್ತ. ಸಂಜಿಗೆ ಮಣ್ಣು ಕೊಟ್ಟು ಬಂದ್ವಿ."

ಮಾಬೂಬಿಯ ದನಿ ಏರಲಿಲ್ಲ. ಕಣ್ಣೂ ಕದಲಲಿಲ್ಲ.

"ಲಗೂ ಮುಗಿಸ್ರಿ ಮೇಡಂ," ಎಂದ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್, "ದಿಲ್ಲಿ ಪ್ಯಾಸೆಂಜರ್ಸು ಕುಂತಾರ."

ನಿರ್ಮಲಾ ಪಟ್ಟಿ ಬಿಚ್ಚಿದಳು. ಬಾಯಿ ತುಂಬ ಆಕಳಿಸಿದಳು.

"ನಾ ದಣಿದೀನ್ರಿ ಸರ್. ಹಾರಂಗಿಲ್ಲ. ಈಕಿಗೆ ಕೊಡಂಗೂ ಇಲ್ಲ."