ಕಾಶಿಗೆ ಮುಂಚೆ ಬಂದ ಕಾಶಿದಾರ

ಶಿಲ್ಪಾ ಬ್ಲೇಡಿನಿಂದ ಟೇಪು ಸೀಳಿದ್ದಳಷ್ಟೇ, ಹಿಂದಿನಿಂದ ಅತ್ತೆಯ ಕೈ ಬಂದು ಡಬ್ಬವನ್ನು ಒತ್ತಿ ಹಿಡಿಯಿತು.

“ಅದು ನಂದು ಮಗಾ.”

ತಡವಾಗಿತ್ತು. ಕಪ್ಪು ಕಾಶಿದಾರದ ಕಟ್ಟೊಂದು ಆಗಲೇ ಹೊರಗೆ ಇಣುಕಿತ್ತು. ಅದರಡಿ ಬೆಸುಗೆ ಹಾಕಿದ ಪುಟ್ಟ ಗಂಗಾಜಲದ ತಂಬಿಗೆಗಳು, ಎರಡು ಡಜನ್. ಕಲ್ಲಮ್ಮ ಕಾಶಿಗೆ ಹೊರಡಲು ಇನ್ನೂ ಒಂಬತ್ತು ದಿನವಿತ್ತು.

“ಅಲ್ಲಿ ಒಂದಕ್ಕೆ ಮೂರು ಹೇಳ್ತಾರಂತೆ,” ಎಂದರು ಕಲ್ಲಮ್ಮ, ಸೊಸೆಯ ಮುಖ ನೋಡದೆ. “ಹೊತ್ಕೊಂಡ್ ಬರೋದೂ ಕಷ್ಟ. ಮೊದ್ಲೇ ತರಿಸಿಟ್ರೆ ಕೈ ಬೀಸ್ಕೊಂಡು ಹೋಗಿ ಬರ್ಬಹುದು.”

“ವಿಶ್ವನಾಥನ ಮುಂದೆ ಇಟ್ಟು ಪೂಜೆ ಮಾಡ್ಸೋದು ಬೇಡ್ವಾ ಅತ್ತೆ?”

“ಅವ್ನು ಕಾಶೀಲಿ ಮಾತ್ರ ಇದಾನೆ ಅಂತ ನಿಂಗೆ ಹೇಳ್ದೋರು ಯಾರು?”

ಶಿಲ್ಪಾಗೆ ನಗು ತಡೆಯಲಾಗಲಿಲ್ಲ. ಈ ಮನೆಗೆ ಬಂದು ಹತ್ತು ವರ್ಷಕ್ಕೆ ಅತ್ತೆ ಮೊದಲ ಸಲ ಒಂದು ಗುಟ್ಟನ್ನು ಅವಳ ಕೈಗೆ ಹಾಕಿದ್ದರು. ಅದರಲ್ಲಿ ತಪ್ಪೂ ಅವಳಿಗೆ ಕಾಣಲಿಲ್ಲ. ಡಬ್ಬದ ಮೇಲೆ ಕಳಿಸಿದವರ ವಿಳಾಸ ಕಾಶಿಯದ್ದೇ. ತಂದುಕೊಡುವುದು ‘ನಿಮ್ಮ ನೆನಪಾಯಿತು’ ಎನ್ನುವುದಕ್ಕೆ. ನೆನಪು ಹೊರಡುವ ಮೊದಲೇ ಆಗಿದ್ದರೆ ಇನ್ನೂ ಒಳ್ಳೆಯದಲ್ಲವೇ? ಬೆಲೆಯ ಚೀಟಿ ಮಾತ್ರ ಉಳಿಯಬಾರದು. ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಚೀಟಿ ಕಿತ್ತಳು, ರಟ್ಟನ್ನು ಬಚ್ಚಲೊಲೆಗೆ ಹಾಕಿದಳು, ಸಾಮಾನನ್ನು ಗೋಡೌನಿನಲ್ಲಿ ಕಾಫಿ ಮೂಟೆಗಳ ಹಿಂದೆ ಅಡಗಿಸಿದಳು.

ಹೆದರಿಕೆ ಇದ್ದದ್ದು ಸಾವಿತ್ರಮ್ಮನದು. ಕಲ್ಲಮ್ಮನ ನಾದಿನಿ, ಮೂಡಿಗೆರೆಯವರು, ಮೂರು ಸಲ ಕಾಶಿ ಕಂಡವರು. ಕೊಟ್ಟ ಸೀರೆಯ ಅಂಚು ಉಜ್ಜಿ ನೋಡುವ ಹೆಂಗಸು. ಅವರ ಕಣ್ಣಿಗೆ ಬಿದ್ದರೆ ನೆಂಟರ ನಡುವೆ ಅತ್ತೆ ಮತ್ತೆ ತಲೆ ಎತ್ತುವಂತಿರಲಿಲ್ಲ.

ಎಸ್ಟೇಟಿನ ದಾರಿಗೆ ಕೊರಿಯರ್ ಗಾಡಿ ಹತ್ತುವುದಿಲ್ಲ. ಸುತ್ತಲಿನವರ ಪಾರ್ಸೆಲ್ ಎಲ್ಲ ಜಾವಳಿಯ ಗುಲಾಮ್ ಮುಸ್ತಫಾರ ಅಂಗಡಿಯಲ್ಲೇ ಇಳಿಯುತ್ತದೆ. ಎರಡನೆಯ ಡಬ್ಬ ತರಲು ಶಿಲ್ಪಾ ಹೋದಾಗ ಮುಸ್ತಫಾ ಅಂಥದ್ದೇ ಇನ್ನೊಂದನ್ನು ಪಕ್ಕಕ್ಕೆ ಸರಿಸಿದರು.

“ಇದು ನಮ್ಮನೆಯವ್ಳದು, ಜೊಹರಾದು. ಅವ್ಳೂ ಅದೇ ವಾರ ಅಜ್ಮೀರಿಗೆ ಹೊರಟಿದಾಳೆ. ದಿನಾ ಎಂಥದೋ ತರಿಸ್ತಾಳೆ, ಒಡೆಯೋಕೆ ಬಿಡಲ್ಲ ಮಾರಾಯ್ತಿ. ನಿಮ್ಮತ್ತೆನೂ ಇವ್ಳೂ ಒಂದೇ ಬೆಂಚಲ್ಲಿ ಕೂತು ಓದಿದವ್ರಲ್ವಾ. ಬುದ್ಧಿನೂ ಒಂದೇ.”

ಓಹೋ, ಆ ಮನೆಯಲ್ಲೂ ಇದೇ ಉಪಾಯ ಎಂದುಕೊಂಡು ಶಿಲ್ಪಾ ತುಟಿ ಬಿಗಿದಳು.

ಕಲ್ಲಮ್ಮನ ಮಗ, ಶಿಲ್ಪಾಳ ಗಂಡ ರುದ್ರೇಶ್ ಎರಡು ವರ್ಷದಿಂದ ತಾಯಿ ಎಲ್ಲಿಗೆ ಹೋಗುತ್ತೇನೆಂದರೂ ಮಂಡಿ ನೋವು, ಬಿಪಿ, ವಯಸ್ಸು ಎಂದು ಲೆಕ್ಕ ಒಪ್ಪಿಸುತ್ತಿದ್ದ. ಕಾಶಿ ಎಂದ ಕೂಡಲೇ ಒಪ್ಪಿದ್ದ. ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಜನವರಿಯ ಚಳಿಗೆಂದು ಹೊಸ ಸ್ವೆಟರ್ ಕೊಡಿಸಿದ. “ಟೂರಿನವ್ರು ಬರ್ತಾರೆ, ನೀನು ಹೊರಡು,” ಎಂದು ಕಲ್ಲಮ್ಮ ಅವನನ್ನು ಅಲ್ಲಿಂದಲೇ ವಾಪಸು ಅಟ್ಟಿದರು.

ನಡುವೆ ಬಂದದ್ದು ಒಂದೇ ಫೋನು.

“ಎಂಥ ಅತ್ತೆ ಅಷ್ಟು ಸದ್ದು?”

“ನೀರು ಮಗಾ. ಎಷ್ಟು ನೀರು ಅಂತೀಯ. ನೋಡಿದಷ್ಟೂ ಮುಗಿಯಲ್ಲ.”

ಎಂಟನೆಯ ದಿನ ಹಿಂದಿರುಗಿದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಸ್ವೆಟರಿನ ಮಡಿಕೆ ಮುರಿದಿರಲಿಲ್ಲ. ಶಿಲ್ಪಾಗೆ ಅದೆಲ್ಲ ನೋಡುವ ಪುರುಸೊತ್ತೆಲ್ಲಿ? ಗೋಡೌನಿನ ಸಾಮಾನು ಯಾರ ಕಣ್ಣಿಗೂ ಬೀಳದಂತೆ ಅತ್ತೆಯ ಚೀಲ ಸೇರಬೇಕಿತ್ತು.

ಭಾನುವಾರ ನೆಂಟರೆಲ್ಲ ಊಟಕ್ಕೆ ಬಂದರು. ಸಾವಿತ್ರಮ್ಮ ತಂಬಿಗೆಯನ್ನು ಕಿವಿಯ ಬಳಿ ಅಲುಗಿಸಿದರು. ಬುಡ ತಿರುಗಿಸಿದರು. ಮೂಸಿದರು. ಕಾಫಿಯ ವಾಸನೆ ಹಿಡಿದಿದ್ದರೆ? ಬಡಿಸುತ್ತಿದ್ದ ಶಿಲ್ಪಾಳ ಸೌಟು ಗಾಳಿಯಲ್ಲೇ ನಿಂತಿತು.

“ನಾನು ತಂದಂಥದ್ದೇ,” ಎಂದರು ಸಾವಿತ್ರಮ್ಮ. ಸೌಟು ಇಳಿಯಿತು.

“ಅದಿರ್ಲಿ ಅತ್ತಿಗೆ, ಕಾಶೀಲಿ ಏನು ಬಿಟ್ಟು ಬಂದ್ರಿ?”

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆಂದೂ ಮುಟ್ಟುವಂತಿಲ್ಲ. ಸಾವಿತ್ರಮ್ಮ ಬದನೆಕಾಯಿ, ಸೀಬೆ, ಹಲಸು ಮೂರನ್ನೂ ಬಿಟ್ಟವರು. ಚೀಟಿ ಕೀಳುವ ಗಡಿಬಿಡಿಯಲ್ಲಿ ಅಲ್ಲಿ ಏನು ಬಿಡಬೇಕೆಂದು ಯೋಚಿಸಿಡಲು ಇಬ್ಬರಿಗೂ ನೆನಪಾಗಿರಲಿಲ್ಲ. ಕಲ್ಲಮ್ಮನ ಎಲೆಯಲ್ಲೋ ಎಣ್ಣೆಗಾಯಿಯಿಂದ ಬಾಳೆಹಣ್ಣಿನವರೆಗೆ ಎಲ್ಲವೂ ಇತ್ತು, ಎಲ್ಲವನ್ನೂ ಅವರು ಆಗಲೇ ಮುಟ್ಟಿದ್ದರು.

ಕಲ್ಲಮ್ಮ ಬೆರಳು ನೆಕ್ಕಿಕೊಂಡರು.

“ಹೆದ್ರಿಕೆ,” ಎಂದರು. “ಹೆದ್ರಿಕೆ ಬಿಟ್ಟು ಬಂದೆ.”

ಸಾವಿತ್ರಮ್ಮನ ಕಣ್ಣು ತುಂಬಿತು. “ಮೂರು ಸಲ ಹೋದ್ರೂ ನಂಗೆ ಅದು ಹೊಳೀಲಿಲ್ಲ ನೋಡಿ,” ಎನ್ನುತ್ತ ಕೈ ತೊಳೆದು ಬಂದು ಅತ್ತಿಗೆಯ ಕಾಲು ಮುಟ್ಟಿದರು. ಕಲ್ಲಮ್ಮನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಅಂತೂ ಗೆದ್ದೆವು ಎಂದುಕೊಂಡಳು ಶಿಲ್ಪಾ.

ಮುಂದಿನ ವಾರ ಮುಸ್ತಫಾ ಮತ್ತೆ ಕರೆಸಿದರು. ಕಲ್ಲಮ್ಮನ ಹೆಸರಿಗೆ ಚಪ್ಪಟೆಯ ಒಂದು ಪಾರ್ಸೆಲ್.

“ಇಂಥದ್ದೇ ನಮ್ಮನೆಗೂ ಬಂತು. ಕೈಯಿಂದ ಕಿತ್ಕೊಂಡು ಹೋಗಿ ಬೀರುಗೆ ಬೀಗ ಹಾಕಿದ್ಲು. ಅಜ್ಮೀರಿಂದ ಬಂದಾಗಿಂದ ಒಬ್ಳೇ ನಗ್ತಾ ಇರ್ತಾಳೆ.”

ಶಿಲ್ಪಾ ಪಾರ್ಸೆಲನ್ನು ತಂದು ಅತ್ತೆಯ ಮುಂದೆ ಹಿಡಿದಳು. “ಇದು ಯಾವ ಕಾಶಿಗೆ ಅತ್ತೆ? ಕೊಡೋದೆಲ್ಲ ಕೊಟ್ಟಾಯ್ತಲ್ಲ.”

ಅವರೆಕಾಯಿ ಬಿಡಿಸುತ್ತಿದ್ದ ಕಲ್ಲಮ್ಮ ಬಾಗಿಲ ಕಡೆ ನೋಡಿದರು. ರುದ್ರೇಶ್ ತೋಟದಲ್ಲಿದ್ದ.

“ಒಡಿ. ಬಚ್ಚಿಡೋ ಜಾಗ ನಿಂಗೇ ಗೊತ್ತಲ್ಲ.”

ಶಿಲ್ಪಾ ಬ್ಲೇಡು ಎಳೆದಳು. ಒಳಗಿದ್ದದ್ದು ಕಟ್ಟು ಹಾಕಿಸಿದ ಒಂದು ಫೋಟೋ: ಕೆಳಗೆ ಗೋವಾದ ಸಮುದ್ರ, ಮೇಲೆ ಕೆಂಪು ಪ್ಯಾರಾಚೂಟು, ನಡುವೆ ಆಕಾಶದಲ್ಲಿ ಕೈ ಕೈ ಹಿಡಿದು ತೂಗುತ್ತ, ಬಾಯಿತುಂಬ ನಗುತ್ತಿದ್ದ ಕಲ್ಲಮ್ಮ ಮತ್ತು ಜೊಹರಾ.