ಹೊಡೆದುಹಾಕಿದ ಪ್ಯಾರಾ

ಬಸ್ಸು ಚಿನಕುರಳಿ ದಾಟುವಾಗ ರವೀಂದ್ರ ಮೇಷ್ಟ್ರಿಗೆ ತನ್ನ ತಪ್ಪು ಗೊತ್ತಾಯಿತು. ತೊಡೆಯ ಮೇಲಿದ್ದ ವಿಜ್ಞಾನ ಮಾಸಪತ್ರಿಕೆಯ ಪುಟವನ್ನು ಮತ್ತೊಮ್ಮೆ ಓದಿದರು. ಸೂರ್ಯನ ಮೈ ಆರು ಸಾವಿರ ಡಿಗ್ರಿ. ಅದರಾಚೆಯ ವಾತಾವರಣ ಹತ್ತು ಲಕ್ಷಕ್ಕೂ ಹೆಚ್ಚು. ಸೂರ್ಯನ ಕಲೆಗಳ ನೇರ ಮೇಲಿನ ವಾತಾವರಣವಂತೂ ಇನ್ನೂ ಬಿಸಿ.

ಪಕ್ಕದಲ್ಲಿ ಒಂಬತ್ತನೇ ಕ್ಲಾಸಿನ ಹೇಮಶ್ರೀ ಕಣ್ಣು ಮುಚ್ಚಿ ಭಾಷಣ ಉರು ಹೊಡೆಯುತ್ತಿದ್ದಳು. ಪಾಂಡವಪುರದ ಸ್ಪರ್ಧೆಯಲ್ಲಿ ಗೆದ್ದವರನ್ನು ಉತ್ತರ ಭಾರತಕ್ಕೆ ಕರೆದೊಯ್ದು, ಅಕ್ಟೋಬರಿನ ಪೂರ್ಣ ಸೂರ್ಯಗ್ರಹಣ ತೋರಿಸುತ್ತಾರೆ. ಸೂರ್ಯನಿಗಿಂತ ಅವನ ವಾತಾವರಣವೇ ಬಿಸಿ ಎಂದು ಪತ್ರಿಕೆಯಲ್ಲಿರುವ ಮಾತನ್ನೇ ಅವಳು ಮೊದಲೇ ರೇಡಿಯೋದಲ್ಲಿ ಕೇಳಿ ಭಾಷಣದಲ್ಲಿ ಬರೆದು ತಂದಿದ್ದಳು. ಒಲೆಯಿಂದ ದೂರ ಹೋದರೆ ಬಿಸಿ ಏರುತ್ತದೆಯೇ ಎಂದು ಕೇಳಿ ಮೇಷ್ಟ್ರು ಆ ಪ್ಯಾರಾಕ್ಕೆ ಕೆಂಪು ಗೀಟು ಎಳೆದಿದ್ದರು. ಸಂಜೆ ಕಾಲೇಜಿನಲ್ಲಿ ಓದಿದ ತನಗೆ ಏನೋ ತಿಳಿಯದೆ ಉಳಿದಿದೆಯೆಂದು ದಿನವೂ ಅಂಜುವ ಮನುಷ್ಯ, ಅಂದು ಮಾತ್ರ ಅಂಜಿರಲಿಲ್ಲ.

ಈಗ ಹೇಳಿದರೆ ಹುಡುಗಿ ತಡವರಿಸಿದರೆ? ಹೇಳದಿದ್ದರೆ? ಬಸ್ಸಿಳಿದ ಮೇಲೆ ಹೇಳಿಯೇಬಿಟ್ಟರು.

"ನಿಂದೇ ಸರಿ ಕಣಮ್ಮ. ತಪ್ಪಿದ್ದು ನಾನು. ಆ ಪ್ಯಾರಾ ನೆಪ್ಪೈತಾ?"

"ಮರ್ತಿದ್ರೆ ತಾನೆ ಸಾ. ನೀವು ಹೊಡೆದಾಕಿದ್ರೂ ಹಾಲು ಕರಿಯೋವಾಗ ಅದ್ನೇ ಹೇಳ್ಕತಿದ್ದೆ."

"ಎದ್ರುಕೋಬೇಡ."

"ಬೆವರ್ತಿರೋದು ನೀವು ಸಾ."

ವೇದಿಕೆಯ ಮೇಲೆ ಅವಳು ಎಲ್ಲೂ ತಡವರಿಸಲಿಲ್ಲ. "ಸೂರ್ಯನ ಕಲೆಗಳಿಂದ ಕಾಂತರೇಖೆಗಳು ಕಮಾನಿನಂತೆ ಮೇಲೇಳುತ್ತವೆ. ಕೆಳಗಿನ ಕುದಿತ ಅವುಗಳ ಬುಡವನ್ನು ಅಲ್ಲಾಡಿಸುತ್ತಲೇ ಇರುತ್ತದೆ. ಗೂಟ ಸುತ್ತುವ ಹಸುವಿನ ಹಗ್ಗದ ಹಾಗೆ ಅವು ಹುರಿಯೇರಿ, ಹರಿದು, ಬೇರೆ ರೇಖೆಗಳಿಗೆ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾಗುವ ಶಕ್ತಿಯೇ ವಾತಾವರಣವನ್ನು ಕಾಯಿಸುತ್ತದೆಂದು ವಿಜ್ಞಾನಿಗಳ ಊಹೆ."

ತೀರ್ಪುಗಾರ ಸೋಮಯ್ಯನವರು ಕನ್ನಡಕ ತೆಗೆದರು. ನಿವೃತ್ತ ಹೆಡ್‌ಮಾಸ್ಟರು. "ಸೂರ್ಯನಿಗಿಂತ ಅವನ ಸುತ್ತಲ ಗಾಳಿ ಬಿಸಿ ಅಂತೀಯಲ್ಲವ್ವ, ಯಾರು ಹೇಳ್ಕೊಟ್ಟೋರು ನಿಂಗೆ?"

ಹೇಮಶ್ರೀ ಹಿಂದಿನ ಸಾಲಿನತ್ತ ಕೈ ತೋರಿಸಿದಳು. "ನಮ್ ಮೇಷ್ಟ್ರು."

ಸಭೆ ತಿರುಗಿ ನೋಡಿತು. ರವೀಂದ್ರ ಮೇಷ್ಟ್ರು ಎದ್ದರು. ಹುಡುಗಿಯ ತಿಳಿವಳಿಕೆಯನ್ನು ತನ್ನದೆಂದು ಒಪ್ಪಿಕೊಳ್ಳುವುದು ಹೇಗೆ?

"ನಾನು ಹೇಳ್ಕೊಟ್ಟಿದ್ದಲ್ಲ ಸಾರ್. ತಪ್ಪು ಅಂತ ನಾನೇ ಹೊಡೆದು ಹಾಕಿದ್ದೆ. ಆದ್ರೆ..."

"ಅಂಗನ್ನಿ ಮತ್ತೆ. ಹೊಡೆದಾಕಿ ಸರಿಯಾಗೇ ಮಾಡಿದ್ರಿ, ಕೂತ್ಕಳಿ," ಎಂದು ಸೋಮಯ್ಯನವರು ನಿರಾಳವಾಗಿ ನಕ್ಕು, ಅಂಕಪಟ್ಟಿಯ ಮೇಲೆ ಬಗ್ಗಿದರು.

ಇಂಥ ಪ್ರಾಮಾಣಿಕ ಮೇಷ್ಟ್ರಿಗೆ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಸದ್ದಿನಲ್ಲಿ, ನಿಂತೇ ಇದ್ದ ಮೇಷ್ಟ್ರ ತುಟಿ "ಅವಳು ಹೇಳಿದ್ದೇ ಸರಿ" ಎಂದು ಅಲುಗುವುದು ವೇದಿಕೆಯ ಮೇಲಿದ್ದ ಹುಡುಗಿಗೆ ಮಾತ್ರ ಕಾಣಿಸುತ್ತಿತ್ತು.